ಹಾಸನದ ಮಾರ್ಕ್ಸ್ ಕಾರ್ಡು, ಕ್ಯಾಲಿಫೋರ್ನಿಯಾದ ಕಾಲೇಜು ಫೀಸು: ನಮ್ಮಕ್ಕನ ಒಂದು ವರ್ಷದ ಲೆಕ್ಕ

2024ರ ಜೂನ್‌ನಲ್ಲಿ ಒಂದಿನ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ದೊಡ್ಡಮ್ಮನ ಮಗಳು ಫೋನ್ ಮಾಡಿ "ನಾನು ಕಾಲೇಜಿಗೆ ಸೇರ್ಬೇಕು ಕಣೋ, ಎಷ್ಟು ದುಡ್ಡಾಗುತ್ತೆ ನೋಡಿ ಹೇಳು" ಅಂದ್ಲು. ಮಕ್ಕಳು ಮಲಗಿದ ಮೇಲೆ ಬಾತ್‌ರೂಮಲ್ಲಿ ನಿಂತ್ಕೊಂಡು ಮಾತಾಡ್ತಿದ್ದಾಳೆ ಅಂತ ದನಿಯಲ್ಲೇ ಗೊತ್ತಾಗ್ತಿತ್ತು. ಅಕ್ಕಂಗೆ ಆಗ 38. ಹಾಸನದಲ್ಲಿ ಬಿಎಸ್ಸಿ ಎರಡನೇ ವರ್ಷ ಮುಗಿಸಿದ್ಲು, ಅಷ್ಟರಲ್ಲಿ ಮದುವೆ ಆಯ್ತು, ಓದು ಅಲ್ಲಿಗೇ ನಿಂತೋಯ್ತು. 2012ರಲ್ಲಿ ಎಚ್4ನಲ್ಲಿ, ಅಂದ್ರೆ ಗಂಡನ ಕೆಲಸದ ವೀಸಾ ಮೇಲೆ ಹೆಂಡ್ತಿಗೆ ಸಿಗೋ ವೀಸಾದಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆಗೆ ಬಂದ್ಲು, 2022ರಲ್ಲಿ ಗ್ರೀನ್ ಕಾರ್ಡ್ ಸಿಕ್ತು. ಮಗಳಿಗೆ ಒಂಬತ್ತು, ಮಗನಿಗೆ ಮೂರು. ಭಾವ ಐಟಿ ಕಾಂಟ್ರಾಕ್ಟರ್, 2023ರ ಅಕ್ಟೋಬರ್‌ನಲ್ಲಿ ಅವರ ಕೆಲಸ ಹೋಗಿತ್ತು. ಆ ಎಂಟು ತಿಂಗಳು ಮನೆ ಹೇಗೆ ನಡೀತು ಅಂತ ನಮಗೆ ಯಾರಿಗೂ ಅವರು ಹೇಳಿರ್ಲಿಲ್ಲ.

ಆ ರಾತ್ರಿಯಿಂದ ಮುಂದಿನ ಒಂದು ವರ್ಷ ಏನೇನಾಯ್ತು ಅಂತ ಇಲ್ಲಿ ಪೂರ್ತಿ ಬರೀತಿದೀನಿ, ಅಕ್ಕನ ಒಪ್ಪಿಗೆ ತಗೊಂಡೇ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ನನಗೆ ಸಿಕ್ಕ ಎಷ್ಟೋ ಹೆಣ್ಮಕ್ಕಳು ಇದೇ ಜಾಗದಲ್ಲಿ ನಿಂತಿದಾರೆ, ಓದಬೇಕು ಅಂತಿದೆ, ದುಡ್ಡು ಎಲ್ಲಿಂದ ಅಂತ ಗೊತ್ತಿಲ್ಲ, ಕೇಳೋಕೆ ಸಂಕೋಚ. ಕಾಲೇಜಿನ ವೆಬ್‌ಸೈಟಲ್ಲಿ ಎಲ್ಲಾ ಇದೆ ಅಂತಾರೆ, ಇದೆ ನಿಜ, ಆದ್ರೆ ಯಾವ ಬಾಗಿಲು ತೆಗೆದ್ರೆ ಯಾವುದು ತೆರೆಯುತ್ತೆ ಅನ್ನೋದು ಅಲ್ಲಿಲ್ಲ. ನಮಗೆ ಅದು ಗೊತ್ತಾಗೋಕೆ ಆರು ತಿಂಗಳು ಹಿಡೀತು.

ಅಕ್ಕಂಗೆ ಬೇಕಾಗಿದ್ದು ಪ್ರೀಸ್ಕೂಲ್ ಟೀಚರ್ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಚೈಲ್ಡ್ ಡೆವಲಪ್‌ಮೆಂಟ್ ಪರ್ಮಿಟ್ ಅಂತಿದೆ. ಅಸೋಸಿಯೇಟ್ ಟೀಚರ್ ಹಂತಕ್ಕೆ ಮಕ್ಕಳ ಶಿಕ್ಷಣದ ವಿಷಯದಲ್ಲಿ 12 ಯೂನಿಟ್ (ಯೂನಿಟ್ ಅಂದ್ರೆ ಕೋರ್ಸಿನ ಅಳತೆ) ಓದಿರ್ಬೇಕು, ಜೊತೆಗೆ ಎರಡು ವರ್ಷದೊಳಗೆ 50 ದಿನ, ದಿನಕ್ಕೆ ಕನಿಷ್ಠ ಮೂರು ಗಂಟೆ, ಮಕ್ಕಳ ಜೊತೆ ಕೆಲಸ ಮಾಡಿರ್ಬೇಕು. ಅದರ ಮೇಲಿನ ಟೀಚರ್ ಹಂತಕ್ಕೆ 24 ಯೂನಿಟ್, ಇದರ ಜೊತೆ 16 ಯೂನಿಟ್ ಸಾಮಾನ್ಯ ವಿಷಯಗಳು, ಮತ್ತೆ 175 ದಿನದ ಅನುಭವ. ಈ 12 ಯೂನಿಟ್ ಓದೋಕೆ ಕಮ್ಯುನಿಟಿ ಕಾಲೇಜಿಗಿಂತ (ಎರಡು ವರ್ಷದ ಸರ್ಕಾರಿ ಕಾಲೇಜು) ಒಳ್ಳೇ ಜಾಗ ಇಲ್ಲ. ರಾಜ್ಯದಲ್ಲಿ 116 ಇದಾವೆ, ಎಂಟ್ರೆನ್ಸ್ ಪರೀಕ್ಷೆ ಇಲ್ಲ, ವಯಸ್ಸು ಯಾರೂ ಕೇಳಲ್ಲ. 1984ರ ತನಕ ಈ ಎನ್‌ರೋಲ್‌ಮೆಂಟ್ ಫೀಸು ಅನ್ನೋದೇ ಇರ್ಲಿಲ್ಲ, 2012ರಿಂದ ಯೂನಿಟ್‌ಗೆ 46 ಡಾಲರ್. ಅಂದ್ರೆ 12 ಯೂನಿಟ್‌ಗೆ 552. ಫೋನಲ್ಲೇ ಲೆಕ್ಕ ಹೇಳಿದೆ. ಅಕ್ಕ ಒಂದು ನಿಮಿಷ ಸುಮ್ನಿದ್ದು "ಅಷ್ಟೇನಾ? ಒಂದ್ಸಲ ಅರ್ಧ ಕಟ್ಟಿದ್ರೆ ಆಗುತ್ತಾ?" ಅಂದ್ಲು. ಆಗ ನಂಗೆ ಅರ್ಥ ಆಯ್ತು, 276 ಡಾಲರ್ ಕೂಡ ಅವಳು ಯೋಚ್ನೆ ಮಾಡಿ ತೆಗೀಬೇಕಾದ ದುಡ್ಡು ಅಂತ.

ಹಾಗೇ ಎರಡು ಕೋರ್ಸ್, 6 ಯೂನಿಟ್‌ಗೆ ಹೆಸರು ಕೊಟ್ಲು. ಮೂರು ದಿನಕ್ಕೆ ಬಿಲ್ ಬಂತು, 2,500 ಡಾಲರ್ ಹತ್ತಿರ.

ಅವಳು ಎಷ್ಟು ಹೆದರಿದ್ಲು ಅಂದ್ರೆ ಯಾರಿಗೂ ಹೇಳ್ದೆ ಅಪ್ಲಿಕೇಷನ್ನೇ ಕ್ಯಾನ್ಸಲ್ ಮಾಡೋಕೆ ಹೋಗಿದ್ಲು. ನಾನು ಶನಿವಾರ ಅವರ ಮನೆಗೆ ಹೋದಾಗ ಮಾತಿಗೆ ಮಾತು ಬಂದು ಗೊತ್ತಾಯ್ತು. ಇಬ್ರೂ ಕೂತ್ಕೊಂಡು ಅಪ್ಲಿಕೇಷನ್ ಮೇಲಿಂದ ಕೆಳಗೆ ಓದಿದ್ವಿ. "ಯಾವಾಗಿನಿಂದ ಕ್ಯಾಲಿಫೋರ್ನಿಯಾದಲ್ಲಿ ವಾಸ" ಅನ್ನೋ ಪ್ರಶ್ನೆಗೆ ಅಕ್ಕ ಈಗಿರೋ ಅಪಾರ್ಟ್‌ಮೆಂಟಿಗೆ ಬಂದ ತಾರೀಖು ಹಾಕಿದ್ಲು, 2024ರ ಜನವರಿ. ಬಾಡಿಗೆ ಕಮ್ಮಿ ಆಗ್ಲಿ ಅಂತ ಆಗಷ್ಟೇ ಮನೆ ಬದಲಾಯಿಸಿದ್ರು. ಕಾಲೇಜಿನ ಲೆಕ್ಕದಲ್ಲಿ ಸೆಮಿಸ್ಟರ್ ಶುರುವಾಗೋ ಹಿಂದಿನ ದಿನಕ್ಕೆ ರಾಜ್ಯದಲ್ಲಿ ಒಂದು ವರ್ಷ ಮೀರಿ ವಾಸ ಆಗಿರ್ಬೇಕು, ಇಲ್ಲಾಂದ್ರೆ ಹೊರರಾಜ್ಯದವರ ರೇಟು. ಅಲ್ಲಿ 46ರ ಜಾಗದಲ್ಲಿ 400ರ ಹತ್ತಿರ ಹಾಕಿದ್ರು. ಹನ್ನೆರಡು ವರ್ಷ ಇಲ್ಲೇ ಇದ್ದು ಟ್ಯಾಕ್ಸ್ ಕಟ್ಟಿದ ಕುಟುಂಬ, ಒಂದು ತಾರೀಖಿಂದ ಹೊರಗಿನವರಾಗಿಬಿಟ್ರು.

ಸರಿ ಮಾಡ್ಸೋದು ಕಷ್ಟ ಅಲ್ಲ, ಪೇಪರ್ ಬೇಕು ಅಷ್ಟೇ. ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್, ಹಿಂದಿನ ಎರಡು ವರ್ಷದ ಸ್ಟೇಟ್ ಟ್ಯಾಕ್ಸ್ ರಿಟರ್ನ್, ಹಳೇ ಮನೆ ಲೀಸ್, ಎಲ್ಲಾ ಹಿಡ್ಕೊಂಡು ಅಡ್ಮಿಷನ್ಸ್ ಆಫೀಸಿಗೆ ಹೋದ್ಲು. ಮೊದಲ್ನೇ ಸಲ ಕೌಂಟರಲ್ಲಿದ್ದವರು ಶುಕ್ರವಾರದೊಳಗೆ ಕಟ್ಟಿ, ಇಲ್ಲಾಂದ್ರೆ ಕ್ಲಾಸಿಂದ ಹೆಸರು ಹೋಗುತ್ತೆ ಅಂದ್ರೇ ಹೊರ್ತು ರೆಸಿಡೆನ್ಸಿ ಮರುಪರಿಶೀಲನೆಗೆ ಬೇರೆ ಫಾರ್ಮ್ ಇದೆ ಅಂತ ಹೇಳ್ಲಿಲ್ಲ. ಎರಡನೇ ಸಲ ಹೋದಾಗ ಊಟದ ಹೊತ್ತು. ಮೂರನೇ ಸಲ ಒಬ್ಬ ಹಿರಿಯ ಹೆಂಗಸು ಪೇಪರೆಲ್ಲಾ ಒಂದೊಂದಾಗಿ ತಿರುವಿ ನೋಡಿ, ಫಾರ್ಮ್ ಕೊಟ್ಟು, ಅಲ್ಲೇ ತುಂಬ್ಸಿ ತಗೊಂಡ್ರು. ಅಷ್ಟರಲ್ಲಿ ಶುಕ್ರವಾರ ದಾಟಿತ್ತು, ದುಡ್ಡು ಕಟ್ಟಿಲ್ಲ ಅಂತ ಎರಡೂ ಕ್ಲಾಸಿಂದ ಅವಳ ಹೆಸರು ತೆಗೆದಿದ್ರು. ಮೊದಲ ದಿನ ಕ್ಲಾಸಿಗೆ ಹೋಗಿ ಟೀಚರ್‌ಗಳ ಹತ್ರ ಆ್ಯಡ್ ಕೋಡ್ (ಕ್ಲಾಸಿಗೆ ತಡವಾಗಿ ಸೇರೋಕೆ ಅವರು ಕೊಡೋ ನಂಬರ್) ಕೇಳಿ ಮತ್ತೆ ಸೇರ್ಕೊಂಡ್ಲು. ಹದಿನೆಂಟು ವರ್ಷ ಆದ್ಮೇಲೆ ಮೊದಲ ಸಲ ಕ್ಲಾಸಲ್ಲಿ ಕೈ ಎತ್ತಿದ್ದು ಆ ಕೋಡ್ ಕೇಳೋಕೆ ಅಂತ ಆಮೇಲೆ ಹೇಳಿದ್ಲು.

ಇದರ ಜೊತೆಜೊತೆಗೇ ಫಾಫ್ಸಾ ನಡೀತಿತ್ತು. ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಹಾಯದ ಅರ್ಜಿ ಇದು, ಪೂರ್ತಿ ಫ್ರೀ, ತುಂಬ್ಸಿಕೊಡ್ತೀನಿ ದುಡ್ಡು ಕೊಡಿ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಕೊಡ್ಬೇಡಿ. ಗ್ರೀನ್ ಕಾರ್ಡ್ ಇದ್ರೆ ಹಾಕ್ಬಹುದು. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೀತಿದ್ದ ಅರ್ಜಿ 2024-25ಕ್ಕೆ ಹೊಸ ರೂಪದಲ್ಲಿ ಬಂದು 2023ರ ಡಿಸೆಂಬರ್ ಕೊನೆಗೆ ತೆರೆದಿತ್ತು, ಹಾಗಾಗಿ ನಾವು ತುಂಬೋ ಹೊತ್ತಿಗೂ ಆಫೀಸುಗಳಲ್ಲಿ ಗೊಂದಲ ಇತ್ತು.

ಮೊದಲ ತೊಡಕು ಹೆಸರಿನದು, ನಮ್ಮೋರಿಗೆಲ್ಲಾ ಇರೋ ಇನಿಷಿಯಲ್ ಕಥೆ. ಪಿಯುಸಿ ಮಾರ್ಕ್ಸ್ ಕಾರ್ಡಲ್ಲಿ ಎರಡು ಇನಿಷಿಯಲ್ ಜೊತೆ ಒಂದು ಹೆಸರು, ಮೊದಲ ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿದೆ, ಗ್ರೀನ್ ಕಾರ್ಡ್ ಹೊತ್ತಿಗೆ ಗಂಡನ ಹೆಸರು ಬಂದಿದೆ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ (ಇಲ್ಲಿನ ಸರ್ಕಾರಿ ಗುರುತಿನ ನಂಬರಿನ ಕಾರ್ಡು) ಮಾತ್ರ ಹಳೇ ಹೆಸರಲ್ಲೇ ಉಳ್ಕೊಂಡಿದೆ. ಫಾಫ್ಸಾ ಅಕೌಂಟಿನ ಹೆಸರು ಸೋಷಿಯಲ್ ಸೆಕ್ಯುರಿಟಿ ದಾಖಲೆಗೆ ಅಕ್ಷರಕ್ಕಕ್ಷರ ಹೊಂದಬೇಕು. ಮೂರು ಸಲ ರಿಜೆಕ್ಟ್ ಆದ್ಮೇಲೆ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ ಹೆಸರು ಸರಿ ಮಾಡ್ಸಿದ್ಲು, ಅದಕ್ಕೇ ಮೂರು ವಾರ. ಓದೋ ಯೋಚ್ನೆ ಇರೋರು ಈ ಕೆಲಸ ಇವತ್ತೇ ಮಾಡಿ ಇಟ್ಕೊಳ್ಳಿ, ಕಾಲೇಜು ಯಾವಾಗಾದ್ರೂ ಆಗ್ಲಿ.

ಎರಡನೇದು ಸೈಟು. ಮದುವೆ ಆಗಿರೋದ್ರಿಂದ ಅಕ್ಕ ಇಂಡಿಪೆಂಡೆಂಟ್ ವಿದ್ಯಾರ್ಥಿ, ಹಾಸನದಲ್ಲಿರೋ ದೊಡ್ಡಪ್ಪನ ಜಮೀನು ಈ ಅರ್ಜಿಗೆ ಬೇಕಿಲ್ಲ. ಆದ್ರೆ ಭಾವನ ಹೆಸರಲ್ಲಿ ಊರಲ್ಲಿ ಒಂದು ಸೈಟಿದೆ, ವಾಸದ ಮನೆ ಬಿಟ್ಟು ಬೇರೆ ಆಸ್ತಿ ಇದ್ರೆ ಅದರ ಬೆಲೆ ತೋರಿಸ್ಬೇಕು. "ಇಂಡಿಯಾದಲ್ಲಿರೋದು ಇವರಿಗೆ ಹೇಗೆ ಗೊತ್ತಾಗುತ್ತೆ, ಬಿಡಿ" ಅಂತ ಪರಿಚಯದವರೊಬ್ರು ಹೇಳಿದ್ರಂತೆ. ಬಿಡ್ಬೇಡಿ. ಅದು ಕೇಂದ್ರ ಸರ್ಕಾರಕ್ಕೆ ಸಹಿ ಹಾಕಿ ಕೊಡೋ ಕಾಗದ, ಮುಂದೆ ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕೋರು ಯಾವ ಫಾರ್ಮಲ್ಲೂ ಸುಳ್ಳು ಬರೀಬಾರ್ದು. ಅಕ್ಕ ಬರೆದ್ಲು, ಏನೂ ಮುಳುಗ್ಲಿಲ್ಲ.

ಮೂರನೇದು, ತುಂಬಾ ಜನ ಎಡವೋ ಜಾಗ. ಅರ್ಜಿಯಲ್ಲಿ ನಿಮಗೆ ಬ್ಯಾಚುಲರ್ ಡಿಗ್ರಿ ಇದೆಯಾ ಅಂತ ಕೇಳುತ್ತೆ. ಪೆಲ್ ಗ್ರಾಂಟ್ ಅನ್ನೋದು ವಾಪಸ್ ಕಟ್ಟಬೇಕಿಲ್ಲದ ದುಡ್ಡು, 2024-25ಕ್ಕೆ ವರ್ಷಕ್ಕೆ ಹೆಚ್ಚಂದ್ರೆ 7,395 ಡಾಲರ್, ಅದು ಡಿಗ್ರಿ ಇಲ್ಲದವರಿಗೆ ಮಾತ್ರ, ಮತ್ತೆ ಇಂಡಿಯಾದಲ್ಲಿ ತಗೊಂಡ ಡಿಗ್ರಿನೂ ಡಿಗ್ರೀನೇ. ಅಕ್ಕನ ಗೆಳತಿ ಒಬ್ಬರು ಮೈಸೂರಲ್ಲಿ ಬಿಕಾಂ ಮುಗಿಸಿದವರು, ಅವರ ಮನೆ ಪರಿಸ್ಥಿತಿ ಅಕ್ಕನ ಮನೆಗಿಂತ ಕಷ್ಟ, ಆದ್ರೂ ಅವರಿಗೆ ಪೆಲ್ ಇಲ್ಲ. ಡಿಗ್ರಿ ಮುಗಿಸಿದ್ದೇ ತಪ್ಪಾಯ್ತಾ ಅಂತ ಅವರು ಅತ್ತಿದ್ದು ನಂಗಿನ್ನೂ ನೆನಪಿದೆ. ಅವರಿಗೆ ನಾವು ಹೇಳಿದ್ದು, ಪೆಲ್ ಬಾಗಿಲು ಮುಚ್ಚಿದ್ರೂ ರಾಜ್ಯದ ಫೀ ಮಾಫಿಗೆ ಡಿಗ್ರಿ ಅಡ್ಡ ಬರಲ್ಲ, ಆ ಅರ್ಜಿ ಹಾಕಿ ಅಂತ. ಹಾಕಿದ್ರು, ಸಿಕ್ತು. ಅಕ್ಕನದು ಎರಡನೇ ವರ್ಷಕ್ಕೇ ನಿಂತ ಓದು. ಇಷ್ಟು ವರ್ಷ ಯಾರ ಮುಂದೂ ಹೇಳೋಕೆ ನಾಚ್ಕೋತಿದ್ದ ವಿಷಯವೇ ಇಲ್ಲಿ ಅವಳನ್ನ ಒಳಗೆ ಬಿಡ್ತು.

ಆಗಸ್ಟ್‌ನಲ್ಲಿ ಉತ್ತರ ಬಂತು. ಪೆಲ್ ಸೊನ್ನೆ. ಕಾರಣ ಸರಳ, 2024-25ರ ಅರ್ಜಿ ನೋಡೋದು 2022ರ ಆದಾಯ. ಆ ವರ್ಷ ಭಾವ 1 ಲಕ್ಷ 40 ಸಾವಿರ ಡಾಲರ್ ಹತ್ತಿರ ದುಡಿದಿದ್ರು. ಈಗ ಮನೇಲಿ ಏನಿದೆ ಅಂತ ಆ ಫಾರ್ಮ್ ಕೇಳೋದೇ ಇಲ್ಲ. ಆದ್ರೆ ಅದೇ ಕಾಗದದ ಕೆಳಗೆ ಇನ್ನೊಂದು ಸಾಲಿತ್ತು, ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಮಂಜೂರು ಅಂತ. ಯೂನಿಟ್‌ಗೆ 46ರ ಲೆಕ್ಕದ ಫೀಸನ್ನೇ ಮಾಫಿ ಮಾಡೋ ರಾಜ್ಯದ ಯೋಜನೆ ಇದು. ಇದಕ್ಕೆ ಕೆಲವು ದಾರಿಗಳಿದಾವೆ. ಒಂದು ಆದಾಯದ ಮಿತಿ, ನಾಲ್ಕು ಜನರ ಕುಟುಂಬಕ್ಕೆ ಆ ವರ್ಷ 45,000 ಡಾಲರ್, 2022ರ ಲೆಕ್ಕದಲ್ಲಿ ಅಕ್ಕನ ಮನೆ ಅದಕ್ಕೆ ಬರಲ್ಲ. ಇನ್ನೊಂದು ದಾರೀಲಿ ಓದೋಕೆ ತಗಲೋ ಒಟ್ಟು ಖರ್ಚಿಂದ ಕುಟುಂಬ ಕೊಡಬಲ್ಲದು ಅಂತ ಫಾಫ್ಸಾ ಹೇಳೋ ಮೊತ್ತ ಕಳೀತಾರೆ, 1,104 ಡಾಲರ್ ಕೊರತೆ ಕಂಡ್ರೂ ಸಾಕು. ಆ ಒಟ್ಟು ಖರ್ಚಲ್ಲಿ ಬರೀ ಫೀಸಲ್ಲ, ಮನೆ ಬಾಡಿಗೆ, ಊಟ, ಓಡಾಟ ಎಲ್ಲಾ ಸೇರುತ್ತೆ, ನಾವಿರೋ ಈ ಬೇ ಏರಿಯಾದ ಬಾಡಿಗೆ ಎಷ್ಟು ಅಂತ ಇಲ್ಲಿರೋರಿಗೆ ಗೊತ್ತು. ಹಾಗಾಗಿ ನಮ್ಮ ಸಂಬಳಕ್ಕೆ ಎಲ್ಲಿ ಸಿಗುತ್ತೆ ಬಿಡಿ ಅಂತ ಅರ್ಜಿನೇ ಹಾಕದ ಎಷ್ಟೋ ಮನೆಗಳಿಗೆ ಈ ಮಾಫಿ ಸಿಗಬಹುದಾಗಿತ್ತು ಅಂತ ನಂಗನಿಸುತ್ತೆ. ಅಕ್ಕನ 276 ಡಾಲರ್ ಫೀಸು ಮಾಫಿ ಆಯ್ತು. ಹೆಲ್ತ್ ಫೀ, ಪಾರ್ಕಿಂಗ್, ಪುಸ್ತಕದ ಖರ್ಚು ಮಾತ್ರ ಉಳೀತು.

ಇಲ್ಲಿಗೇ ನಿಲ್ಲಿಸಿಬಿಡ್ತಿದ್ವಿ, ನಿಜ ಹೇಳ್ಬೇಕಂದ್ರೆ. ಪೆಲ್ ಸೊನ್ನೆ ಅಂತ ಬಂದ್ಮೇಲೆ ಸೊನ್ನೆ ಅಂತಾನೇ ನಾವೂ ತಿಳ್ಕೊಂಡಿದ್ವಿ. ಒಂದಿನ ಅಕ್ಕ ಲೈಬ್ರರಿಯಲ್ಲಿ ಪಠ್ಯಪುಸ್ತಕ ಎರಡು ಗಂಟೆಗೆ ಕೊಡ್ತಾರಂತೆ ಅಂತ ಕ್ಯೂ ನಿಂತಿದ್ದಾಗ ಪಕ್ಕದಲ್ಲಿದ್ದ ಒಬ್ಬ ವಿಯೆಟ್ನಾಮಿ ಹೆಂಗಸು, ಅವರೂ ತಾಯಿ, ಅವರೂ ಕೆಲಸ ಹೋದ ಮನೆಯವರು, ನಿನ್ನ ಗಂಡನ ಕೆಲಸ ಹೋಗಿದೆ ಅಂತ ಆಫೀಸಿಗೆ ಬರೆದು ಕೊಟ್ಯಾ ಅಂತ ಕೇಳಿದ್ರಂತೆ. ಬರೆದು ಕೊಡೋದು ಅಂತ ಒಂದಿದೆ ಅಂತಾನೇ ನಮಗೆ ಗೊತ್ತಿರ್ಲಿಲ್ಲ. ಸ್ಪೆಷಲ್ ಸರ್ಕಮ್‌ಸ್ಟಾನ್ಸಸ್ ಅಪೀಲ್ ಅಂತಾರೆ. ಅರ್ಜಿ ನೋಡಿದ ವರ್ಷಕ್ಕೂ ಈಗಿನ ಸ್ಥಿತಿಗೂ ದೊಡ್ಡ ವ್ಯತ್ಯಾಸ ಇದ್ರೆ, ಕೆಲಸ ಹೋಗಿದ್ದು, ಡಿವೋರ್ಸ್, ದೊಡ್ಡ ಆಸ್ಪತ್ರೆ ಖರ್ಚು ಇಂಥದ್ದು, ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಆ ಲೆಕ್ಕ ಬದಲಾಯಿಸೋ ಅಧಿಕಾರ ಕಾನೂನಲ್ಲೇ ಇದೆ. ಅವರು ತಾವಾಗೇ ಬದಲಾಯಿಸಲ್ಲ, ನಾವು ಕೇಳ್ಬೇಕು, ದಾಖಲೆ ಕೊಡ್ಬೇಕು.

ಕೊಟ್ಟಿದ್ದು ಇಷ್ಟು: ಕಂಪನಿಯ ಲೇಆಫ್ ಲೆಟರ್, ನಿರುದ್ಯೋಗ ಭತ್ಯೆಯ ಪ್ರಿಂಟ್‌ಔಟು (ಕ್ಯಾಲಿಫೋರ್ನಿಯಾದಲ್ಲಿ ಅದು ವಾರಕ್ಕೆ ಹೆಚ್ಚಂದ್ರೆ 450 ಡಾಲರ್, ಸಾಮಾನ್ಯವಾಗಿ 26 ವಾರ), 2024ರಲ್ಲಿ ಭಾವ ಅಲ್ಲಲ್ಲಿ ಮಾಡಿದ ಸಣ್ಣಪುಟ್ಟ ಕೆಲಸದ ಪೇ ಸ್ಟಬ್, ವರ್ಷದ ಕೊನೆಗೆ ಒಟ್ಟು ಎಷ್ಟಾಗಬಹುದು ಅನ್ನೋ ಅಂದಾಜು ಸುಮಾರು 38,000, ಜೊತೆಗೆ ಒಂದು ಪುಟದ ಪತ್ರ. ಆ ಪತ್ರ ಅಕ್ಕ ನಾಲ್ಕು ಸಲ ಬರೆದ್ಲು. ಮೊದಲ ಸಲ ಬರೆದಿದ್ದು ಪೂರ್ತಿ ಕ್ಷಮೆ ಕೇಳೋ ಥರ ಇತ್ತು, ತೊಂದರೆ ಕೊಡ್ತಿದೀನಿ ದಯವಿಟ್ಟು ಅಂತ. ನಾನು "ಅಕ್ಕ, ಇದ್ರಲ್ಲಿ ತಾರೀಖು ಬೇಕು, ಮೊತ್ತ ಬೇಕು, ಏನಾಯ್ತು ಅನ್ನೋದು ಬೇಕು, ಕ್ಷಮೆ ಬೇಡ" ಅಂದೆ. ಕೊನೆಗೆ ಕಳಿಸಿದ ಪತ್ರದಲ್ಲಿ ಹನ್ನೊಂದು ಸಾಲಿತ್ತು.

ಅಷ್ಟರಲ್ಲಿ ಅರ್ಜಿ ವೆರಿಫಿಕೇಷನ್‌ಗೂ (ಬರೆದಿದ್ದು ಸರಿಯಿದೆಯಾ ಅಂತ ದಾಖಲೆ ಕೇಳಿ ನೋಡೋದು) ಆಯ್ಕೆ ಆಗಿತ್ತು, ಅದು ಮುಗೀದೆ ಅಪೀಲ್ ಮುಟ್ಟಲ್ಲ ಅಂದ್ರು. ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್, ಮನೇಲಿ ಎಷ್ಟು ಜನ ಅನ್ನೋ ಫಾರ್ಮ್, ಮತ್ತೆ ನಮ್ಮ ಕಾಲೇಜು ಹೈಸ್ಕೂಲ್ ಮುಗಿಸಿದ ದಾಖಲೆನೂ ಕೇಳ್ತು. ಇಲ್ಲಿನ ಹೈಸ್ಕೂಲ್ ಅಂದ್ರೆ ಹನ್ನೆರಡನೇ ಕ್ಲಾಸು, ಅಂದ್ರೆ ನಮ್ಮ ದ್ವಿತೀಯ ಪಿಯುಸಿ. ಅಕ್ಕ ಬೀರುವಿನ ಮೇಲಿಂದ ಬಿಸ್ಕತ್ ಡಬ್ಬ ಇಳಿಸಿದ್ಲು. ಅದರೊಳಗೆ ಲ್ಯಾಮಿನೇಟ್ ಮಾಡ್ಸಿದ 2004ರ ಮಾರ್ಕ್ಸ್ ಕಾರ್ಡು, ಮೂಲೆಗಳು ಬಿಟ್ಕೊಂಡು ಒಳಗೆ ಸ್ವಲ್ಪ ಹಳದಿ ಆಗಿತ್ತು, ಕನ್ನಡದಲ್ಲಿ ನೂರಕ್ಕೆ ತೊಂಬತ್ತರ ಮೇಲೆ. ಮಗಳು ಇಣುಕಿ ನೋಡಿ ಅಮ್ಮಾ ಇದು ನೀನಾ ಅಂತ ಕೇಳಿದ್ಲು.

ಇಷ್ಟೂ ನಡೀತಿರುವಾಗ ಮನೇಲಿ ಇನ್ನೊಂದು ಜಗಳ. ಭಾವಂಗೆ ಇದೆಲ್ಲಾ ಕೈಚಾಚಿದ ಹಾಗೆ ಅನ್ಸಿತ್ತು. "ನಾನು ಇನ್ನೂ ಬದುಕಿದೀನಿ, ನನ್ನ ಹೆಂಡ್ತಿ ಸರ್ಕಾರದ ದುಡ್ಡಲ್ಲಿ ಓದ್ಬೇಕಾ" ಅಂದ್ರು. ಅದರ ಹಿಂದೆ ಒಂದು ಭಯನೂ ಇತ್ತು, ಇದನ್ನ ತಗೊಂಡ್ರೆ ಪಬ್ಲಿಕ್ ಚಾರ್ಜ್ (ಸರ್ಕಾರಕ್ಕೆ ಹೊರೆ ಆದವರು) ಅಂತ ಹಿಡಿದು ನಾಳೆ ಸಿಟಿಜನ್‌ಶಿಪ್‌ಗೆ ತೊಂದ್ರೆ ಆಗುತ್ತೆ ಅಂತ ಯಾರೋ ವಾಟ್ಸಾಪಲ್ಲಿ ಕಳಿಸಿದ್ರು. 2022ರ ನಿಯಮದಲ್ಲಿ ಲೆಕ್ಕಕ್ಕೆ ಬರ್ತಿದ್ದಿದ್ದು ಮನೆ ನಡೆಸೋಕೆ ಸರ್ಕಾರ ಕೊಡೋ ನಗದು ಸಹಾಯ ಮತ್ತೆ ಸರ್ಕಾರದ ಖರ್ಚಲ್ಲಿ ದೀರ್ಘಕಾಲ ಆಶ್ರಯ ಕೇಂದ್ರದಲ್ಲಿ ಇರೋದು ಇಂಥವು, ಓದೋಕೆ ಕೊಡೋ ಗ್ರಾಂಟ್ ಅಲ್ಲ. ಆದ್ರೂ ಭಾವನ ಸಮಾಧಾನಕ್ಕೆ ಒಬ್ಬ ಇಮಿಗ್ರೇಷನ್ ವಕೀಲರ ಹತ್ರ ಅರ್ಧ ಗಂಟೆ ಕೂತು ಕೇಳ್ಕೊಂಡು ಬಂದ್ವಿ. ಸ್ವಾಭಿಮಾನದ ಮಾತಿಗೆ ಮಾತ್ರ ವಕೀಲರು ಉತ್ತರ ಕೊಡೋಕಾಗಲ್ಲ. ಭಾವ, ಹನ್ನೆರಡು ವರ್ಷ ನೀವು ಕಟ್ಟಿದ ಟ್ಯಾಕ್ಸಲ್ಲಿ ಯಾರ್ಯಾರ ಮಕ್ಕಳೋ ಓದಿದಾರೆ, ಈಗ ನಿಮ್ಮನೆ ಸರದಿ ಅಂತ ನಾನಂದೆ. ಅವರು ಏನೂ ಹೇಳ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಲೇಆಫ್ ಲೆಟರ್ ಪ್ರಿಂಟ್ ಹಾಕಿ ಟೇಬಲ್ ಮೇಲಿಟ್ಟಿದ್ರು.

ನವೆಂಬರ್ ಮಧ್ಯಕ್ಕೆ ಅಪೀಲ್ ಪಾಸಾಯ್ತು. 2024ರ ಆದಾಯ ಹಾಕಿ ನೋಡಿದಾಗ ಪೂರ್ತಿ ಪೆಲ್‌ಗೆ ಅರ್ಹಳು. ಎಷ್ಟು ಯೂನಿಟ್ ಓದ್ತೀವೋ ಅಷ್ಟು ಪಾಲು ಸಿಗೋದು, 12 ಇದ್ರೆ ನೂರಕ್ಕೆ ನೂರು, 6 ಇದ್ರೆ ಐವತ್ತು. ಆ ಸೆಮಿಸ್ಟರ್‌ಗೆ ಸುಮಾರು 1,850 ಡಾಲರ್ ಅಕೌಂಟಿಗೆ ಬಂತು. ಫೀಸು ಮೊದಲೇ ಮಾಫಿ ಆಗಿತ್ತಲ್ಲ, ಹಾಗಾಗಿ ಆ ದುಡ್ಡು ಪುಸ್ತಕ, ಪೆಟ್ರೋಲು, ಮಗನ ಡೇಕೇರ್‌ಗೆ ಉಳೀತು. ಒಂದು ಮಾತು ನೆನಪಿಡಿ, ಫೀಸು ಪುಸ್ತಕ ಬಿಟ್ಟು ಮನೆ ಖರ್ಚಿಗೆ ಬಳಸಿದ ಗ್ರಾಂಟ್ ದುಡ್ಡು ಟ್ಯಾಕ್ಸಿನ ಲೆಕ್ಕದಲ್ಲಿ ಆದಾಯ ಆಗುತ್ತೆ.

ನಿಜವಾದ ಬದಲಾವಣೆ ಅದಾದ್ಮೇಲೆ ಬಂತು. ಆ ಲೆಕ್ಕ ಬದಲಾದ ಕೂಡ್ಲೇ ಬೇರೆ ಬಾಗಿಲುಗಳೂ ತೆಗ್ದವು. ಇಒಪಿಎಸ್ ಅಂತ ಒಂದು ಕಾರ್ಯಕ್ರಮ ಇದೆ, ಆರ್ಥಿಕವಾಗಿ ಹಿಂದುಳಿದ, ಓದಿನಲ್ಲಿ ಅಡ್ಡಿ ಇರೋ ವಿದ್ಯಾರ್ಥಿಗಳಿಗೆ 1969ರ ಕಾನೂನಿಂದ ಶುರುವಾಗಿದ್ದು. ಸೆಪ್ಟೆಂಬರ್‌ನಲ್ಲಿ ಅಕ್ಕ ಅಲ್ಲಿ ಕೇಳಿದಾಗ ಎರಡು ಕಾರಣಕ್ಕೆ ಆಗಲ್ಲ ಅಂದಿದ್ರು: 12 ಯೂನಿಟ್ ತಗೊಂಡಿಲ್ಲ, ಕುಟುಂಬ ಕೊಡಬಲ್ಲದು ಅಂತ ಫಾಫ್ಸಾ ಹೇಳೋ ಅಂಕಿ ಜಾಸ್ತಿ. 2025ರ ವಸಂತ ಸೆಮಿಸ್ಟರ್‌ಗೆ ಅಂಕಿ ಸೊನ್ನೆಗೆ ಇಳಿದಿತ್ತು, ಅಕ್ಕ ಧೈರ್ಯ ಮಾಡಿ 12 ಯೂನಿಟ್ ತಗೊಂಡ್ಲು, ಸೇರಿಸ್ಕೊಂಡ್ರು. ಪುಸ್ತಕಕ್ಕೆ ವೋಚರ್, ಎಲ್ಲರಿಗಿಂತ ಮೊದಲು ಕ್ಲಾಸ್ ಆರಿಸೋ ಅವಕಾಶ, ಸೆಮಿಸ್ಟರ್‌ಗೆ ಮೂರು ಸಲ ಕೌನ್ಸಿಲರ್ ಜೊತೆ ಕೂರಲೇಬೇಕು ಅನ್ನೋ ನಿಯಮ. ವೋಚರಿಗಿಂತ ಆ ಮೂರು ಭೇಟಿನೇ ದೊಡ್ಡದು ಅಂತ ನಾನು ಹೇಳ್ತೀನಿ, ಯಾಕಂತ ಮುಂದೆ ಗೊತ್ತಾಗುತ್ತೆ.

ಮಗನಿಗೆ ಕ್ಯಾಂಪಸ್ಸಿನ ಮಕ್ಕಳ ಕೇಂದ್ರದಲ್ಲೇ ರಾಜ್ಯದ ಸಬ್ಸಿಡಿ ಪ್ರೀಸ್ಕೂಲ್‌ನಲ್ಲಿ ಜಾಗ ಸಿಕ್ತು. ಅಲ್ಲಿ ನೋಡೋದು ಈಗಿನ ತಿಂಗಳ ಆದಾಯ, 2022ರದ್ದಲ್ಲ, ಅಂದ್ರೆ ಈ ಅರ್ಜಿ ನಾವು ಜೂನ್‌ನಲ್ಲೇ ಹಾಕಿದ್ರೂ ಆಗ್ತಿತ್ತು, ಯಾರೂ ಹೇಳಿರ್ಲಿಲ್ಲ. ಅದೇ ಕೇಂದ್ರದಲ್ಲಿ ಅಕ್ಕಂಗೆ ವರ್ಕ್ ಸ್ಟಡಿ ಕೆಲಸನೂ (ಸಹಾಯಧನದ ಭಾಗವಾಗಿ ವಿದ್ಯಾರ್ಥಿಗಳಿಗೆ ಕೊಡೋ ಕೆಲಸ) ಸಿಕ್ತು, ವಾರಕ್ಕೆ ಮೂರು ಬೆಳಿಗ್ಗೆ, ಸಂಬಳದ ಜೊತೆಗೆ ಪರ್ಮಿಟ್ಟಿಗೆ ಬೇಕಾದ 50 ದಿನದ ಲೆಕ್ಕನೂ ಅಲ್ಲೇ ಶುರು.

ಬೇಸಿಕ್ ನೀಡ್ಸ್ ಸೆಂಟರ್ ಅಂತ ಈಗ ರಾಜ್ಯದ ಪ್ರತಿ ಕಮ್ಯುನಿಟಿ ಕಾಲೇಜಲ್ಲೂ ಇರ್ಬೇಕು, 2021ರ ಕಾನೂನು. ಅಲ್ಲಿನ ಪ್ಯಾಂಟ್ರಿಯಿಂದ ವಾರಕ್ಕೊಂದು ಚೀಲ ದಿನಸಿ, ಸ್ಟೂಡೆಂಟ್ ಐಡಿ ಸಾಕು. ಮೊದಲ ವಾರ ಅಕ್ಕ ಅದನ್ನ ಕಾರಿನ ಡಿಕ್ಕಿಯಲ್ಲೇ ಎರಡು ದಿನ ಬಿಟ್ಟಿದ್ಲು, ಮನೆಗೆ ತರೋಕೆ ಮನಸ್ಸಾಗ್ದೆ. ಆಮೇಲೆ ಅದರಲ್ಲಿದ್ದ ಪಿಂಟೋ ಬೀನ್ಸ್ ಬೇಯಿಸಿ, ಕಟ್ಟು ಬಸಿದು, ಸೊಪ್ಪು ಹಾಕಿ ಬಸ್ಸಾರು ಮಾಡಿದ್ಲು. ನಾನೂ ಅವತ್ತು ಅಲ್ಲೇ ಊಟ ಮಾಡಿದೆ. ಅವರೆಕಾಳಿನ ರುಚಿ ಇಲ್ಲ, ಆದ್ರೆ ಮುದ್ದೆಗೆ ಚೆನ್ನಾಗೇ ಹೊಂದ್ಕೊಂಡಿತ್ತು, ಭಾವ ಎರಡನೇ ಸಲ ಹಾಕಿಸ್ಕೊಂಡ್ರು.

ಇನ್ನು ಸಣ್ಣಸಣ್ಣವು ಬೇಗ ಹೇಳಿಬಿಡ್ತೀನಿ. ಲ್ಯಾಪ್‌ಟಾಪ್ ಸೆಮಿಸ್ಟರ್ ಪೂರ್ತಿ ಸಾಲಕ್ಕೆ ಕೊಟ್ರು. ಕ್ಲಾಸ್ ಪಟ್ಟಿಯಲ್ಲಿ ಪಠ್ಯಪುಸ್ತಕದ ಖರ್ಚಿಲ್ಲ ಅನ್ನೋ ಗುರುತಿರೋ ಕ್ಲಾಸುಗಳನ್ನೇ ಆರಿಸ್ಕೊಂಡ್ರೆ ನೂರಾರು ಡಾಲರ್ ಉಳಿಯುತ್ತೆ. ಬರವಣಿಗೆ ಕೇಂದ್ರದಲ್ಲಿ ಇಂಗ್ಲಿಷ್ ಪ್ರಬಂಧ ಫ್ರೀಯಾಗಿ ಕೂತು ನೋಡಿಕೊಡ್ತಾರೆ.

2025ರ ಮಾರ್ಚ್ ಮಧ್ಯದಲ್ಲಿ ಹಾಸನದಿಂದ ಫೋನ್ ಬಂತು, ದೊಡ್ಡಮ್ಮಂಗೆ ಸ್ಟ್ರೋಕ್ ಆಗಿದೆ ಅಂತ. ಅಕ್ಕ ಅವತ್ತೇ ರಾತ್ರಿ ಟಿಕೆಟ್ ನೋಡ್ತಾ ಕಾಲೇಜು ಬಿಟ್ಟೆ ಅಂದ್ಲು, ಪೋರ್ಟಲ್ ತೆಗೆದು ನಾಲ್ಕೂ ಕ್ಲಾಸ್ ಡ್ರಾಪ್ ಮಾಡೋಕೆ ಕೂತಿದ್ಲು. ಭಾವನೇ ತಡೆದ್ರು, ಓದು ಬೇಡ ಅಂತಿದ್ದ ಭಾವ. ನಿಮ್ಮ ಕೌನ್ಸಿಲರ್‌ಗೆ ಒಂದು ಮೇಲ್ ಹಾಕಿ ನೋಡು, ಆಮೇಲೆ ಬಿಡು ಅಂದ್ರು. ಬೆಳಿಗ್ಗೆ ಒಂಬತ್ತಕ್ಕೆ ಕೌನ್ಸಿಲರ್ ಫೋನ್ ಮಾಡಿದ್ರು. ಅವರು ಹೇಳಿದ ಲೆಕ್ಕ ಇದು: ಸೆಮಿಸ್ಟರ್‌ನ ಶೇಕಡಾ 60 ದಾಟೋ ಮುಂಚೆ ಎಲ್ಲಾ ಕ್ಲಾಸು ಬಿಟ್ರೆ ಬಂದಿರೋ ಪೆಲ್ ದುಡ್ಡಲ್ಲಿ ಒಂದು ಭಾಗ ವಾಪಸ್ ಹೋಗ್ಬೇಕು, ಅದು ನಿನ್ನ ಮೇಲೆ ಸಾಲವಾಗಿ ಕೂರಬಹುದು, ಮುಂದಿನ ಸಲ ರಿಜಿಸ್ಟರ್ ಮಾಡೋಕೆ ಅದೇ ಅಡ್ಡ ಬರುತ್ತೆ. ಮತ್ತೆ ತಗೊಂಡ ಯೂನಿಟ್‌ಗಳಲ್ಲಿ ಮೂರನೇ ಎರಡು ಭಾಗ ಮುಗಿಸಿರ್ಬೇಕು, ಇಲ್ಲಾಂದ್ರೆ ಸಹಾಯಧನಕ್ಕೇ ಕುತ್ತು. ಒಂದೇ ಒಂದು ಕ್ಲಾಸ್ ಬಿಡು, ಮಕ್ಕಳ ಶಿಕ್ಷಣದ ಎರಡು ಮತ್ತೆ ಇಂಗ್ಲಿಷ್ ಉಳಿಸ್ಕೋ, ಟೀಚರ್‌ಗಳಿಗೆ ನಾನೂ ಬರೀತೀನಿ.

ಸಾಮಾನ್ಯ ವಿಷಯದ ಒಂದು ಕ್ಲಾಸ್ ಬಿಟ್ಲು, ಟ್ರಾನ್ಸ್‌ಕ್ರಿಪ್ಟಲ್ಲಿ ಮಧ್ಯದಲ್ಲಿ ಬಿಟ್ಟಿದ್ದು ಅನ್ನೋ ಡಬ್ಲ್ಯೂ ಗುರುತು ಬಿತ್ತು. ಮಕ್ಕಳ ಶಿಕ್ಷಣದ ಎರಡೂ ಆನ್‌ಲೈನ್. ಇಂಗ್ಲಿಷ್ ಪ್ರೊಫೆಸರ್ ವಸಂತ ರಜೆಗೆ ಇನ್ನೊಂದು ವಾರ ಸೇರಿಸ್ಕೋ, ಪ್ರಬಂಧ ಬಂದ್ಮೇಲೆ ಕೊಡು ಅಂದ್ರು. ಹನ್ನೆರಡು ದಿನ ಹಾಸನದಲ್ಲಿದ್ದು ಬಂದ್ಲು, ಅಸೈನ್‌ಮೆಂಟುಗಳನ್ನ ಆಸ್ಪತ್ರೆ ಕಾರಿಡಾರಿಂದ, ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ಕಳಿಸಿದ್ಲು. ದೊಡ್ಡಮ್ಮ ಈಗ ಕೋಲು ಹಿಡ್ಕೊಂಡು ಓಡಾಡ್ತಾರೆ. ವರ್ಷದ ಕೊನೆಗೆ 18ರಲ್ಲಿ 15 ಯೂನಿಟ್ ಮುಗಿದಿತ್ತು, ಶೇಕಡಾ 83, ಸಹಾಯಧನಕ್ಕೆ ಏನೂ ತೊಂದರೆ ಆಗ್ಲಿಲ್ಲ. ಕ್ಲಾಸ್ ಬಿಟ್ಟಿದ್ದು ಸೆನ್ಸಸ್ ತಾರೀಖು (ಯಾರು ಎಷ್ಟು ಯೂನಿಟ್ ಓದ್ತಿದಾರೆ ಅಂತ ಕಾಲೇಜು ಲೆಕ್ಕ ಹಿಡಿಯೋ ದಿನ) ದಾಟಿದ ಮೇಲೆ ಆಗಿದ್ರಿಂದ ಆ ಸೆಮಿಸ್ಟರಿನ ಸುಮಾರು 3,700 ಡಾಲರ್ ಪೆಲ್ ಕೂಡ ಹಾಗೇ ಉಳೀತು. ಆ ಒಂದು ಫೋನ್ ಕರೆ ಇಲ್ದಿದ್ರೆ ಅಕ್ಕ ಸಾಲಗಾರಳಾಗಿ ಎರಡನೇ ಸಲ ಓದು ಬಿಟ್ಟವಳಾಗ್ತಿದ್ಲು. ಇದನ್ನ ಯೋಚ್ನೆ ಮಾಡಿದಾಗ ಈಗಲೂ ನಂಗೆ ಹೊಟ್ಟೆಯಲ್ಲಿ ತಣ್ಣಗಾಗುತ್ತೆ.

ಒಟ್ಟು ಲೆಕ್ಕಕ್ಕೆ ಬಂದ್ರೆ, 828 ಡಾಲರ್ ಫೀಸು ಪೂರ್ತಿ ಮಾಫಿ, ಪೆಲ್ ಎರಡೂ ಸೆಮಿಸ್ಟರ್ ಸೇರಿ 5,500ರ ಮೇಲೆ, ಸಾಲ ಒಂದು ಡಾಲರೂ ಇಲ್ಲ. ಇದರಲ್ಲಿ ಫೀ ಮಾಫಿ ಒಂದು ಬಿಟ್ರೆ ಬೇರೆ ಯಾವುದೂ ಮೊದಲ ಉತ್ತರದಲ್ಲಿ ಬಂದಿದ್ದಲ್ಲ, ಮತ್ತೆ ಹೋಗಿ ಕೇಳಿದ್ದಕ್ಕೆ ಬಂದಿದ್ದು.

50 ದಿನದ ಹಾಳೆ ಫ್ರಿಜ್ ಮೇಲೆ ಅಂಟಿಸಿದ್ರು, ದಿನಕ್ಕೊಂದು ಟಿಕ್, ಬೇಸಿಗೇಲೂ ಅದೇ ಕೇಂದ್ರದಲ್ಲಿ ಮುಂದುವರಿಸಿ ಜುಲೈನಲ್ಲಿ ಐವತ್ತನೇದು ಬಿತ್ತು. ಪರ್ಮಿಟ್ಟಿಗೆ ಅರ್ಜಿ ಹೋಗಿದೆ. ಭಾವಂಗೆ ಮೇ ತಿಂಗಳಲ್ಲಿ ಕೆಲಸ ಸಿಕ್ಕಿರೋದ್ರಿಂದ, ಮತ್ತೆ 2025-26ಕ್ಕೆ ನೋಡೋದು 2023ರ ಆದಾಯ ಆಗಿರೋದ್ರಿಂದ, ಪೆಲ್ ಇನ್ನು ಸಿಗಲ್ಲ, ಅದು ನ್ಯಾಯನೇ. ಈಗ ಅಕ್ಕನ ಕಣ್ಣು ಟೀಚರ್ ಹಂತದ ಮೇಲೆ. ಆ 16 ಯೂನಿಟ್ ಸಾಮಾನ್ಯ ವಿಷಯಕ್ಕೆ ಹಾಸನದ ಎರಡು ವರ್ಷದ ಬಿಎಸ್ಸಿನ ಮೌಲ್ಯಮಾಪನ ಮಾಡ್ಸಿದ್ರೆ ಎಷ್ಟೋ ಬಂದುಬಿಡುತ್ತೆ ಅಂತ ಕೌನ್ಸಿಲರ್ ಹೇಳಿದಾರೆ. ಅದಕ್ಕೆ ಮೈಸೂರು ಯೂನಿವರ್ಸಿಟಿಯ ಟ್ರಾನ್ಸ್‌ಕ್ರಿಪ್ಟ್ ಬೇಕು. ಹೋದ ಸೋಮವಾರ ದೊಡ್ಡಪ್ಪ ಬೆಳಿಗ್ಗೆ ಆರರ ಬಸ್ ಹತ್ತಿ, ಅಕ್ಕನ ಹಳೇ ರಿಜಿಸ್ಟರ್ ನಂಬರ್ ಬರ್ಕೊಂಡಿದ್ದ ಚೀಟಿ ಜೇಬಲ್ಲಿಟ್ಕೊಂಡು ಮೈಸೂರಿಗೆ ಹೋಗಿ ಬಂದ್ರು. ಇನ್ನೊಂದ್ಸಲ ಬನ್ನಿ ಅಂದಿದಾರಂತೆ. ಗುರುವಾರ ಮತ್ತೆ ಹೋಗ್ತಾರೆ.